ಮಕಾಮೆಯ ತಕ್ಕಡಿಯಲ್ಲಿ ಕೂಸು

ನಮ್ಮ ಚಿಕ್ಕಮ್ಮನ ಹೆಸರು ಸುಬೀರಾ. ನಮ್ಮ ಸ್ವಾಹಿಲಿಯಲ್ಲಿ ಅದಕ್ಕೆ ತಾಳ್ಮೆ ಎಂದರ್ಥ. ಪೆಂಬಾ ದ್ವೀಪದ ನಮ್ಮೂರಿನ ಆಸ್ಪತ್ರೆಗೆ ನರ್ಸಾಗಿ ಸೇರಿದ ಮೇಲೆ ತಾಳ್ಮೆ ಹೆಸರಿನಲ್ಲಷ್ಟೇ ಉಳಿಯಿತು ಎಂದು ಅವಳೇ ಹೇಳುತ್ತಿದ್ದಳು. ಹೆರಿಗೆ ಮಾಡಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಹುಟ್ಟಿದ ಕೂಸಿನ ತೂಕವನ್ನು ಅದರ ಅಜ್ಜಿಗೆ ಹೇಳುವುದೇ ಪ್ರಾಣಸಂಕಟ.

ಸರ್ಕಾರ ಹಳೇ ತೂಕವಾದ ರಾತಲನ್ನು ತೆಗೆದು ಕಿಲೋ ತಂದ ಕಾಲ ಅದು. ಆಸ್ಪತ್ರೆಗೆ ಹೊಸ ತಕ್ಕಡಿ ಬಂತು, ಊರಿನ ಬಾಯಿಗೆ ಮಾತ್ರ ಕಿಲೋ ಬರಲಿಲ್ಲ. ಮಾಂಸಕ್ಕೂ ರಾತಲು, ಸಕ್ಕರೆಗೂ ರಾತಲು. "ಒಂದು ಕಿಲೋ ಅಂದ್ರೆ ಎರಡು ರಾತಲು, ಮೇಲೆ ಒಂಚೂರು" ಎಂದು ಚಿಕ್ಕಮ್ಮ ಜಗಲಿಯಲ್ಲಿ ಕೂತ ಹೆಂಗಸರಿಗೆ ಹೇಳಿ ಹೇಳಿ ಸೋತಿದ್ದಳು. ಅವರು ಅವಳ ಹೆಸರಿಗೆ ಗೌರವದ 'ಬೀ' ಸೇರಿಸಿ ಮತ್ತೆ ಅದನ್ನೇ ಕೇಳುತ್ತಿದ್ದರು.

"ಒಂಚೂರು ಅಂದ್ರೆ ಎಷ್ಟು, ಬೀ ಸುಬೀರಾ?"

"ಒಂಚೂರು ಅಂದ್ರೆ ಒಂಚೂರೇ ಕಣ್ರವ್ವಾ!"

ಲವಂಗದ ಕೊಯ್ಲಿನ ಹೊತ್ತಿಗೆ ಜೋಖಾ ಎಂಬ ಹುಡುಗಿಗೆ ಎರಡನೇ ಹೆರಿಗೆಯಾಯಿತು. ಗಂಡು ಕೂಸು, ಕೆಂಪಗೆ, ದುಂಡಗೆ. ಜೋಖಾಳ ಅತ್ತೆ ಬೀ ಹಾಡಿಯಾ ಬಾಗಿಲಲ್ಲೇ ನಿಂತಿದ್ದಳು. ಚಿಕ್ಕಮ್ಮ ಖುಷಿಯಿಂದ, "ಮೂರು ಕಿಲೋ ದಾಟಿದಾನೆ, ಬೀ ಹಾಡಿಯಾ!" ಎಂದಳು.

ಹಾಡಿಯಾಳ ಮುಖ ಇಳಿಯಿತು. "ಮೂರಾ? ಇವನ ಅಣ್ಣ ಫಾಕಿ ಹುಟ್ಟಿದಾಗ ಎಂಟು ಅಂದಿದ್ರಿ."

"ಅದು ರಾತಲು. ಇದು ಕಿಲೋ."

"ಹೆಸರು ಏನಾದ್ರೂ ಇಟ್ಕೊಳ್ಳಿ. ಎಂಟು ಎಂಟೇ, ಮೂರು ಮೂರೇ. ನಮ್ಮನೆ ಕೋಳಿನೇ ಮೂರು ತೂಗುತ್ತೆ!" ಸೊಸೆಯ ಕಡೆಗೆ ತಿರುಗಿ, "ಸರಿಯಾಗಿ ತಿನ್ನು ಅಂದ್ರೆ ತಿಂದ್ಯಾ? ಬರೀ ಹುಳಿ ಮಾವಿನಕಾಯಿ!" ಎಂದಳು. ಜೋಖಾ ಗೋಡೆ ಕಡೆ ಮುಖ ಮಾಡಿ ಅತ್ತಳು.

ಚಿಕ್ಕಮ್ಮ ಬೆರಳು ಮಡಚಿ ಲೆಕ್ಕ ಹೇಳಿದಳು, ನೆಲದ ಮೇಲೆ ಗೆರೆ ಎಳೆದು ಹೇಳಿದಳು. ಹಾಡಿಯಾ ಪೂರ್ತಿ ಕೇಳಿಸಿಕೊಂಡು, "ಪಾಪ, ಸರ್ಕಾರ ಹೇಳ್ಕೊಟ್ಟಿದ್ದನ್ನೇ ಹೇಳ್ಬೇಕು, ನಿಮಗೂ ಕೆಲಸ ಉಳೀಬೇಕಲ್ಲ" ಎಂದು ಸಮಾಧಾನ ಹೇಳಿದಳು. ಆ ಸಮಾಧಾನ ಬೈಗುಳಕ್ಕಿಂತ ಹೆಚ್ಚು ಉರಿಯಿತು ಎಂದು ಚಿಕ್ಕಮ್ಮ ಆಮೇಲೆ ನಮ್ಮ ಮನೆಗೆ ಬಂದು ಪಾತ್ರೆ ಕುಕ್ಕುತ್ತಾ ಹೇಳಿದಳು.

ಒಂದು ವಾರದೊಳಗೆ ಸುದ್ದಿ ಬಂತು: ಹಾಡಿಯಾ ಕೂಸಿಗೆ ತೂಕ ಬರಲೆಂದು ಜೋಳದ ಗಂಜಿ ಕುಡಿಸಲು ಹೊರಟಿದ್ದಾಳೆ. ಚಿಕ್ಕಮ್ಮ ಚಪ್ಪಲಿ ಅದಲುಬದಲಾದದ್ದನ್ನೂ ನೋಡದೆ ಓಡಿದಳು. ಮನೆಯಲ್ಲಿ ಜೋಖಾ ಒಬ್ಬಳೇ. "ಗಂಜಿ ಇನ್ನೂ ಆರಿಲ್ಲ. ಅಷ್ಟರಲ್ಲಿ ತೂಗಿಸ್ಕೊಂಡು ಬರ್ತೀನಿ ಅಂತ ಮಗೂನ ಮಕಾಮೆ ಅಂಗಡಿಗೆ ಎತ್ಕೊಂಡು ಹೋದ್ರು."

ಮಕಾಮೆ ಎಂದರೆ ಊರಿನ ಕಸಾಯಿ.

ಅಂಗಡಿಯ ಮುಂದೆ ಜನ ಸೇರಿದ್ದರು. ಮಾಂಸದ ತಕ್ಕಡಿಯ ಒಂದು ತಟ್ಟೆಯಲ್ಲಿ ಬಾಳೆಎಲೆ, ಎಲೆಯ ಮೇಲೆ ಕೂಸು. ಇನ್ನೊಂದರಲ್ಲಿ ಹಳೇ ಕಬ್ಬಿಣದ ತೂಕದ ಬಟ್ಟುಗಳು. ಕೂಸು ತಟ್ಟೆಯ ತುಂಬ ಉಚ್ಚೆ ಹೊಯ್ದು ಹಾಯಾಗಿ ಕಾಲಾಡಿಸುತ್ತಿತ್ತು.

"ಏಳು ರಾತಲು! ಮೇಲೆ ಒಂಚೂರು!" ಎಂದು ಮಕಾಮೆ ಕೂಗಿದ.

ಚಿಕ್ಕಮ್ಮ ಕೂಸನ್ನು ಬಾಚಿ ಎತ್ತಿಕೊಂಡಳು. "ಮೇಕೆ ತೂಗೋ ತಟ್ಟೇಲಿ ಮಗು! ನಿಮಗೆಲ್ಲ ತಲೆ ಇದೆಯಾ?"

ಹಾಡಿಯಾ ಅವಳ ಕೈ ಹಿಡಿದು ನಕ್ಕಳು. "ಬೈಬೇಡವ್ವ ತಾಯಿ. ನಿಮ್ಮಲ್ಲಿ ಮೂರಿದ್ದವನು ಇಲ್ಲಿ ಏಳಾಗಿದಾನೆ. ನಿಮ್ಮ ತಕ್ಕಡಿನೇ ಕಳ್ಳ!"

ಜನ ಗೊಳ್ಳೆಂದರು. ಚಿಕ್ಕಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೂಸನ್ನು ಎದೆಗೆ ಅವಚಿಕೊಂಡೇ ಮಕಾಮೆಯನ್ನು ಕೇಳಿದಳು: "ಸರ್ಕಾರ ಕೊಟ್ಟ ಕಿಲೋ ಬಟ್ಟು ಎಲ್ಲಿ?"

ಅವನು ಅದನ್ನು ಬಾಗಿಲಿಗೆ ಒತ್ತುಗಲ್ಲು ಮಾಡಿಕೊಂಡಿದ್ದ. ತಂದು ಒಂದು ತಟ್ಟೆಗೆ ಇಟ್ಟ. ಚಿಕ್ಕಮ್ಮ ಇನ್ನೊಂದು ತಟ್ಟೆಗೆ ಎರಡು ರಾತಲಿನ ಬಟ್ಟು ಹಾಕಿಸಿದಳು. ಕಿಲೋ ಇದ್ದ ತಟ್ಟೆಯೇ ಕೆಳಗಿತ್ತು. "ಈಗ ಮಾಂಸ ಹಾಕು, ಸಮ ಆಗೋವರೆಗೆ." ಮಕಾಮೆ ರಾತಲಿನ ಕಡೆಗೆ ಒಂದು ಸಣ್ಣ ತುಂಡು ಹಾಕಿದ. ಮುಳ್ಳು ನೆಟ್ಟಗಾಯಿತು.

"ನೋಡಿ, ಇದೇ ಒಂಚೂರು. ಹಾಗಾದ್ರೆ ಮೂರು ಕಿಲೋ ಅಂದ್ರೆ ಆರು ರಾತಲು, ಇಂಥ ಮೂರು ತುಂಡು. ಇವನು ಮೂರು ದಾಟಿದಾನೆ. ಏಳಾಗುತ್ತೋ ಇಲ್ವೋ?"

ಹಾಡಿಯಾ ತುಂಡನ್ನು ಬೆರಳಿನಿಂದ ಒತ್ತಿ ನೋಡಿದಳು. ಕೊನೆಗೆ, "ಮೊದಲೇ ಹೀಗೆ ಮಾಂಸ ಹಾಕಿ ಹೇಳಿದ್ರೆ ಯಾರಿಗೆ ತಿಳೀತಿರಲಿಲ್ಲ?" ಎಂದಳು. ಮನೆಗೆ ಹೋಗಿ ಗಂಜಿಯನ್ನು ತಾನೇ ಕುಡಿದಳು. ಸೊಸೆಗೆ ಮೀನಿನ ಸಾರು ಮಾಡಿಕೊಟ್ಟಳು, ಕ್ಷಮೆ ಮಾತ್ರ ಕೇಳಲಿಲ್ಲ.

ಅಂದಿನಿಂದ ಚಿಕ್ಕಮ್ಮ ಚೀಟಿಯಲ್ಲಿ ಕಿಲೋ ಬರೆದು, ಬಾಯಲ್ಲಿ ರಾತಲು ಹೇಳತೊಡಗಿದಳು. ಅಜ್ಜಿಯರು ತಣ್ಣಗಾದರು. ಕೆಲವು ವರ್ಷ ನೆಮ್ಮದಿಯಾಗಿತ್ತು.

ಆಮೇಲೆ ಶಾಲೆಯಲ್ಲಿ ಕಿಲೋ ಕಲಿತ ಹುಡುಗಿಯರು ಹೆರಿಗೆಗೆ ಬರತೊಡಗಿದರು. ಒಂದು ಬೆಳಗ್ಗೆ ಚಿಕ್ಕಮ್ಮ ಅಭ್ಯಾಸಬಲದಿಂದ ಕೂಸಿನ ತೂಕ "ಏಳು" ಎಂದಾಗ, ಆಗಷ್ಟೇ ಹೆತ್ತ ಹುಡುಗಿ ಎದ್ದು ಕೂತಳು. "ಏಳು ಕಿಲೋನಾ? ದೇವರೇ, ಅದಕ್ಕೇ ಅಷ್ಟು ನೋವಾಯ್ತು! ಅಮ್ಮಾ, ಕೇಳಿಸ್ತಾ?" ಹೊರಗಿದ್ದ ಅವಳಮ್ಮ ಅಷ್ಟರಲ್ಲೇ ಬೀದಿಗೆ ಓಡಿ ಏಳು ಕಿಲೋ ಮೊಮ್ಮಗಳ ಸುದ್ದಿ ಸಾರತೊಡಗಿದ್ದಳು.

ಚಿಕ್ಕಮ್ಮ ಕೈ ಒರೆಸಿಕೊಂಡು ಅವಳ ಹಿಂದೆ ಬೀದಿಗಿಳಿದಳು.