ಹನ್ನೊಂದನೆಯ ಸಕ್ಕರೆ

ನಮ್ಮಕ್ಕ ಸಕ್ಕರೆಗೆ ಮದುವೆ ಮಾಡಿಸುವವಳು. ಹಾಗಂತ ನಾನು ಮನೆಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದೆ. ಲಸಿಕೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ತಲೆಗೆ ಟೋಪಿ, ಕೈಗೆ ಎರಡೆರಡು ಗ್ಲೌಸು ಹಾಕಿಕೊಂಡು ಇಪ್ಪತ್ತಾರು ವರ್ಷ ನಿಂತವಳು. ಲೋಕದ ಸಕ್ಕರೆಗೆಲ್ಲ ಜೋಡಿ ಹುಡುಕುವವಳಿಗೆ ತನಗೊಂದು ಹುಡುಕಿಕೊಳ್ಳಲು ಪುರುಸೊತ್ತಿಲ್ಲ ಅಂತ ಅಮ್ಮ ಗೊಣಗುತ್ತಿದ್ದಳು. ಅಕ್ಕ ಅದಕ್ಕೆಲ್ಲ ಸೊಪ್ಪು ಹಾಕುತ್ತಿರಲಿಲ್ಲ.

ನಾನು ಟ್ಯಾಕ್ಸಿ ಓಡಿಸುವವನು. ನನ್ನ ತಲೆಗೂ ಹೋಗುವಂತೆ ಅವಳು ಹೇಳಿಕೊಟ್ಟದ್ದು ಇಷ್ಟು. ಮಿದುಳು ಜ್ವರ ತರುವ ಬ್ಯಾಕ್ಟೀರಿಯಾ ಮೈಮೇಲೆ ಸಕ್ಕರೆಯ ಹೊದಿಕೆ ಹೊದ್ದಿರುತ್ತದೆ. ಆ ಸಕ್ಕರೆಯನ್ನಷ್ಟೇ ಚುಚ್ಚಿದರೆ ಎಳೆಗೂಸಿನ ಮೈ ಕ್ಯಾರೇ ಅನ್ನುವುದಿಲ್ಲ. ಒಂದು ಪ್ರೋಟೀನಿಗೆ ಗಂಟು ಹಾಕಿ ಕೊಟ್ಟರೆ ಮಾತ್ರ ಎಚ್ಚೆತ್ತುಕೊಂಡು ಗುರುತಿಟ್ಟುಕೊಳ್ಳುತ್ತದೆ. ತಾಪತ್ರಯ ಏನೆಂದರೆ, ಒಂದೊಂದು ತಳಿಗೂ ಒಂದೊಂದು ಸಕ್ಕರೆ. ಅವರ ಲಸಿಕೆಗೆ ಹನ್ನೊಂದು ಬೇಕಿತ್ತು. ಹತ್ತನ್ನು ಬೇರೆಯವರು ಮುಗಿಸಿದ್ದರು, ಹನ್ನೊಂದನೆಯದು ಅಕ್ಕನ ಪಾಲಿಗೆ ಬಂತು.

ಅದು ಶುದ್ಧ ಮೊಂಡು. ಏನು ಮಾಡಿದರೂ ಪ್ರೋಟೀನಿಗೆ ಅಂಟಲೊಲ್ಲದು. ಎರಡು ವರ್ಷ ಹೆಣಗಿದ ಮೇಲೆ, ದ್ರಾವಣದ ಕ್ಷಾರ ಒಂದಿಷ್ಟು ಏರಿಸಿದಾಗ ಅಂಟಿತು. ಮೊಲಗಳಿಗೆ ಕೊಟ್ಟು ರಕ್ತ ಪರೀಕ್ಷಿಸಿದರೆ ಅಂಕಿಗಳು ಎಲ್ಲರೂ ಬಯಸಿದ್ದಕ್ಕಿಂತ ಹೆಚ್ಚೇ ಬಂದವು. ಅಕ್ಕ ಕೆಲವು ತಿಂಗಳು ನೆಲದ ಮೇಲೆ ನಡೆಯಲೇ ಇಲ್ಲ.

ಆಮೇಲೆ ಅದೇ ರಕ್ತವನ್ನು ಜೀವಂತ ಬ್ಯಾಕ್ಟೀರಿಯಾದ ಮೇಲೆ ಹಾಕಿ ನೋಡಿದರು. ಒಂದೂ ಸಾಯಲಿಲ್ಲ. ಕ್ಷಾರ ಹೆಚ್ಚಾಗಿ ಆ ಸಕ್ಕರೆಯ ಅಂಚಿನ ಚಿಕ್ಕ ಕುಚ್ಚೊಂದು ಉದುರಿಹೋಗಿತ್ತು. ಮೈ ಗುರುತು ಹಿಡಿಯಬೇಕಾದದ್ದೇ ಆ ಕುಚ್ಚನ್ನು. ಮತ್ತೆ ಮೊಲದ ರಕ್ತ ಮೊದಲ ಪರೀಕ್ಷೆಯಲ್ಲಿ ಪಾಸಾದದ್ದು ಹೇಗೆ? ರಕ್ತ ಸಕ್ಕರೆಯನ್ನು ಹಿಡಿಯುತ್ತದೋ ಎಂದು ನೋಡಲು ಪರೀಕ್ಷೆಯ ತಟ್ಟೆಗೆ ಅಕ್ಕ ಬಳಿದಿದ್ದ ಸಕ್ಕರೆಯೂ ಅದೇ ಸೀಸೆಯದು, ಕುಚ್ಚು ಉದುರಿದ್ದೇ. ಗಿಡ್ಡ ಅಳತೆಪಟ್ಟಿ ಹಿಡಿದು ಗಿಡ್ಡ ಅಂಗಿ ಅಳೆದಂತಾಗಿತ್ತು. ಇದು ಬಯಲಾಗುವಷ್ಟರಲ್ಲಿ ಗಡುವು ಮುಗಿದು, ಕಾರ್ಖಾನೆಯವರು ಹತ್ತನ್ನೇ ಇಟ್ಟುಕೊಂಡು ಲಸಿಕೆ ಬಿಡುಗಡೆ ಮಾಡಿದರು. ಹನ್ನೊಂದನೆಯದು ನೂರು ರೋಗಿಗಳಲ್ಲಿ ಮೂವರಿಗಷ್ಟೇ ಬರುವುದು, ಪರವಾಗಿಲ್ಲ ಅಂದರಂತೆ. ಅಕ್ಕನ ಸೀಸೆಗಳು ಫ್ರೀಜರಿನ ತಳ ಸೇರಿದವು.

ನನಗೆ ಮಗಳು ಹುಟ್ಟಿದಾಗ ಅದೇ ಲಸಿಕೆಗೆ ಎತ್ತಿಕೊಂಡು ಹೋದವಳು ಅಕ್ಕನೇ. ಮೂರು ಸಲವೂ ಅವಳೇ ಮಗುವಿನ ತೊಡೆ ಹಿಡಿದುಕೊಂಡಳು. ಇನ್ನು ಭಯವಿಲ್ಲ ಅಂತ ನನ್ನ ಹೆಂಡತಿಗೆ ಹೇಳಿದಳು.

ಹದಿನೇಳನೇ ತಿಂಗಳಲ್ಲಿ ಮಗುವಿಗೆ ಜ್ವರ ಬಂತು. ಮಾರನೇ ದಿನ ಕತ್ತು ಸೆಟೆಯಿತು. ಆಸ್ಪತ್ರೆಯಲ್ಲಿ ನಾನು ಲಸಿಕೆ ಕಾರ್ಡು ತೋರಿಸಿ, ಎಲ್ಲ ಆಗಿದೆ, ಇದು ಆ ಜ್ವರ ಅಲ್ಲವೇ ಅಲ್ಲ ಅಂತ ಡಾಕ್ಟರ ಜೊತೆ ವಾದಕ್ಕಿಳಿದೆ. ಐದನೇ ದಿನ ಬೆನ್ನುಹುರಿಯ ನೀರಿನ ವರದಿ ಬಂತು. ಅಕ್ಕ ಕಾಗದ ಇಸಿದುಕೊಂಡು ಓದಿ, ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟಳು.

"ಇದು ಹನ್ನೊಂದನೇದು," ಅಂದಳು.

ಮಗು ಬದುಕಿತು. ಕಿವಿ ಎರಡೂ ಹೋದವು. ಕೇಳಿಸುವ ಯಂತ್ರ ಕೂರಿಸೋಣವೆಂದರೆ ಒಳಕಿವಿಯಲ್ಲಿ ಎಲುಬು ಬೆಳೆದು ದಾರಿಯೇ ಮುಚ್ಚಿದೆ ಅಂದರು. ಅಕ್ಕ ಮೇಲಿನವರ ಕೋಣೆಗೆ ಹೋಗಿ, ಹನ್ನೊಂದನೆಯದನ್ನು ಮತ್ತೆ ಶುರುಮಾಡಿ, ರಜೆಯಲ್ಲೂ ಬಂದು ಮಾಡುತ್ತೇನೆ ಅಂತ ಗೋಗರೆದಳು. ಅವರು ಕುರ್ಚಿ ಕೊಟ್ಟು ಕೂರಿಸಿ, ನೀರು ಕುಡಿಸಿ ಕಳಿಸಿದರು.

ಕಿವಿ ಡಾಕ್ಟರ ಹತ್ತಿರದಿಂದ ವಾಪಸು ಬರುವಾಗ ಕಾರಿನಲ್ಲಿ ನಾನು ತಡೆಯಲಾರದೆ ಕೇಳಿದೆ. "ಹತ್ತೇ ಇರೋದು ಅಂತ ಯಾಕೆ ಹೇಳ್ಲಿಲ್ಲ? ಭಯ ಇಲ್ಲ ಅಂದ್ಯಲ್ಲ."

"ಹೇಳಿದ್ರೆ ನೀನೇನು ಮಾಡ್ತಿದ್ದೆ?"

ಜಗಳಕ್ಕೆ ಕೇಳಿದ್ದಲ್ಲ. ನಿಜಕ್ಕೂ ಉತ್ತರ ಬೇಕಿತ್ತು ಅವಳಿಗೆ. ನಾನು ಗೇರು ಬದಲಿಸಿದೆ. ಹೇಳಿದ್ದರೂ ನಾನು ಅದೇ ಸೂಜಿಯನ್ನೇ ಹಾಕಿಸುತ್ತಿದ್ದೆ, ಬೇರೆ ಸೂಜಿ ಎಲ್ಲಿತ್ತು? ಅದು ಗೊತ್ತಿದ್ದೂ ಅವಳ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಇನ್ನು ಯಾರ ಮೇಲೆ ಸಿಟ್ಟಾಗಲಿ ನಾನು?

ಕಾಯಿಲೆಗೆ ಮುಂಚೆ ಮಗಳಿಗೆ ಒಂಬತ್ತು ಮಾತು ಬರುತ್ತಿತ್ತು. ಕಿವಿಗೆ ಬೀಳದ ಮಾತು ಎಳೆಮಕ್ಕಳ ಬಾಯಲ್ಲಿ ಉಳಿಯುವುದಿಲ್ಲವಂತೆ. ಒಂದೊಂದಾಗಿ ಎಲ್ಲ ಹೋಗಿ, 'ಅತ್ತೆ' ಒಂದೇ ಉಳಿದಿತ್ತು. ಅಕ್ಕ ಪ್ರತಿದಿನ ಕೆಲಸ ಮುಗಿಸಿಕೊಂಡು ನೇರ ನಮ್ಮ ಮನೆಗೆ ಬಂದು, ಆ ಒಂದು ಮಾತು ಕೇಳಿಸಿಕೊಂಡು ಹೋಗುತ್ತಿದ್ದಳು.

ನಿನ್ನೆ ಮಗು ಅವಳನ್ನು ನೋಡಿ ನಕ್ಕಿತು, ಕೈ ಚಾಚಿತು. ಮಾತು ಬರಲಿಲ್ಲ. ಅಕ್ಕ ಚಪ್ಪಲಿಯನ್ನೂ ಬಿಚ್ಚದೆ ಊಟದ ಹೊತ್ತಿನವರೆಗೂ ಅದರ ಬಾಯನ್ನೇ ನೋಡುತ್ತ ಕೂತಿದ್ದಳು.