ಪುಸ್ತಕ ತೆರೆಯದೆ ಹೇಳಿದ ಅರ್ಥ

ವಿಜಯನಗರದ ಸಿದ್ದಬಸಪ್ಪನಿಗೆ ಇಂಗ್ಲಿಷ್ ಕಲಿಸಿದ್ದು ಯಾವ ಮೇಷ್ಟರೂ ಅಲ್ಲ, ಅವಮಾನ. ಹೊಸದುರ್ಗದ ಕಡೆಯ ಹಳ್ಳಿಯಿಂದ ಬಂದು ರಾಜಾಜಿನಗರದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತನಾಗಿ ಸೇರಿದ ಹೊಸದು. ಮೇಲಿನವನೊಬ್ಬ ಒಂದು ಚೀಟಿ ಕೊಟ್ಟು ಎಲ್ಲರೆದುರು ಓದಿಸಿದ. ಇವನು ತಡವರಿಸಿದ. ಅವರು ನಕ್ಕರು. ಕನ್ನಡನಾಡಿನ ನಡುಮಧ್ಯೆ ಕನ್ನಡದವನೊಬ್ಬ ನಟ್ಟು ಬೋಲ್ಟು ಎಣಿಸಿಕೊಡುವುದಕ್ಕೆ ಇಂಗ್ಲಿಷ್ ಯಾಕಯ್ಯ ಬೇಕು ಎಂದು ಕೇಳುವ ಎದೆಗಾರಿಕೆ ನಕ್ಕವರಲ್ಲಿ ಒಬ್ಬನಿಗೂ ಇರಲಿಲ್ಲ. ಸಿದ್ದಬಸಪ್ಪನಿಗೂ ಇರಲಿಲ್ಲ. ಆ ಭಾನುವಾರ ಅವನು ಅವೆನ್ಯೂ ರಸ್ತೆಗೆ ಹೋಗಿ, ರಟ್ಟು ಕಿತ್ತುಹೋಗಿದ್ದ ಒಂದು ದಪ್ಪ ನಿಘಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ.

ಆ ನಿಘಂಟಿನಲ್ಲಿ ಪ್ರತಿ ಪದದ ಕೊನೆಗೂ, ಅದು ಯಾವ ಹಳೆಯ ಭಾಷೆಯಿಂದ ಬಂತು, ಹುಟ್ಟಿದಾಗ ಅದಕ್ಕೇನು ಅರ್ಥವಿತ್ತು ಎಂದು ಸಣ್ಣ ಅಕ್ಷರದಲ್ಲಿ ಹಾಕಿದ್ದರು. ಎಲ್ಲರೂ ಬಿಟ್ಟು ಮುಂದೆ ಹೋಗುವ ಜಾಗ ಅದು. ಸಿದ್ದಬಸಪ್ಪನಿಗೆ ದಾರಿ ಸಿಕ್ಕಿದ್ದೇ ಅಲ್ಲಿ. ಪೋರ್ಟ್ ಎಂದರೆ ಲ್ಯಾಟಿನ್ನಿನಲ್ಲಿ ಹೊರುವುದು. ಅದೊಂದು ಕೈಗೆ ಹತ್ತಿದರೆ ಪೋರ್ಟರು ಹೊರುವವನು, ಎಕ್ಸ್‌ಪೋರ್ಟು ಹೊರಕ್ಕೆ ಹೊತ್ತು ಹಾಕುವುದು, ಇಂಪೋರ್ಟು ಒಳಕ್ಕೆ ಹೊತ್ತು ತರುವುದು. ಉರು ಹೊಡೆಯುವ ಗೋಜೇ ಇಲ್ಲ. ಬೇರು ಹಿಡಿದೆಳೆದರೆ ಕಡಲೆಕಾಯಿ ಗಿಡದ ಹಾಗೆ ಗೊಂಚಲು ಗೊಂಚಲೇ ಮೇಲೆ ಬರುತ್ತಿತ್ತು.

ಇದನ್ನೆಲ್ಲ ಹೇಳಿಕೊಳ್ಳಲು ಅವನಿಗೆ ಇದ್ದವಳು ಒಬ್ಬಳೇ, ಹೆಂಡತಿ ಕಲ್ಯಾಣಮ್ಮ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಕ್ಕಳಾಗಿರಲಿಲ್ಲ. ಬೆಳಿಗ್ಗೆ ಅವಳು ರೊಟ್ಟಿ ತಟ್ಟುವಾಗ ಇವನು ಒಲೆಯ ಪಕ್ಕ ಮಣೆ ಹಾಕಿಕೊಂಡು, ತೊಡೆಯ ಮೇಲೆ ಪುಸ್ತಕ ಬಿಡಿಸಿ ದಿನಕ್ಕೊಂದು ಪದ ಹೇಳಬೇಕು. ಬರೀ ಬಾಯಿಮಾತಿನಲ್ಲಿ ಹೇಳಿದರೆ ಅವಳು ಒಪ್ಪುತ್ತಿರಲಿಲ್ಲ. "ಎಲ್ಲಿದೆ ತೋರ್ಸಿ" ಎಂದು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಗ್ಗಿ ನೋಡುವಳು. ಇವನು ಸಾಲಿನ ಕೆಳಗೆ ಬೆರಳಿಟ್ಟು ತೋರಿಸಬೇಕು. ಹಾಗೆ ನೋಡಿ ನೋಡಿಯೇ ಅವಳಿಗೆ ಇಂಗ್ಲಿಷ್ ಅಕ್ಷರ ಬಂದವು.

"ಇವತ್ತು ಮ್ಯಾನೇಜರ್ ಕಣೇ. ಮಾನುಸ್ ಅಂದ್ರೆ ಕೈ. ಕುದುರೇನ ಕೈಯಲ್ಲಿ ಹಿಡಿದು ಪಳಗಿಸೋನಿಗೆ ಮೊದಲು ಆ ಹೆಸರು ಬಂದಿದ್ದಂತೆ."

"ಹಂಗಾದ್ರೆ ನಿಮ್ಮ ಕಾರ್ಖಾನೇಲಿ ನೀವೆಲ್ಲ ಕುದುರೇನಾ?"

"ಕುದುರೆಗೆ ಹುರುಳಿ ಹಾಕ್ತಾರೆ. ನಾವು ಕತ್ತೆ."

"ಅದನ್ನೂ ಪುಸ್ತಕದಲ್ಲಿ ತೋರ್ಸಿ ನೋಡೋಣ!"

ಅವಳು ಪದಗಳನ್ನು ನೆನಪಿಟ್ಟುಕೊಂಡಿದ್ದು ಬೀಗರು ಬಿಜ್ಜರ ಲೆಕ್ಕದಲ್ಲಿ. ಸ್ಪೆಕ್ಟ್ ಎಂದರೆ ನೋಡು. ಆ ಮನೆತನದಲ್ಲಿ ಇನ್‌ಸ್ಪೆಕ್ಟರು ಹಿರಿಯ ಮಗ, ರೆಸ್ಪೆಕ್ಟು ಒಳ್ಳೇ ಸೊಸೆ, ಸಸ್ಪೆಕ್ಟು ಮನೆಹಾಳು ಭಾವಮೈದ. ದಂತವೇ ಡೆಂಟಿಸ್ಟಿನ ದೂರದ ನೆಂಟ, ಪಾದವೇ ಪೆಡಲಿನ ದಾಯಾದಿ ಎಂದು ತಿಳಿದ ದಿನ ಅವಳು ರೊಟ್ಟಿ ಸೀದುಹೋಗುವ ತನಕ ನಕ್ಕಿದ್ದಳು. "ಅಯ್ಯೋ, ಇವರೆಲ್ಲ ನಮ್ಮೋರೇ! ಇಷ್ಟು ದಿನ ಸುಮ್ಮಸುಮ್ನೆ ಹೆದರ್ಕೊಂಡಿದ್ವಲ್ರೀ."

ಆದರೆ ಹೊಸದಾಗಿ ಕಲಿತ ವಿದ್ಯೆಗೆ ಮೆರೆಯುವ ಚಟವಿರುತ್ತದೆ. ಎಪ್ಪತ್ತೆರಡರಲ್ಲಿ ವಿಜಯನಗರದ ಸೈಟಿನಲ್ಲಿ ಎರಡು ಕೋಣೆಯ ಮನೆ ಎದ್ದಿತು. ಗೃಹಪ್ರವೇಶದ ಕಾರ್ಡನ್ನು ಸಿದ್ದಬಸಪ್ಪ ಪೂರ್ತಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. ನಕ್ಕವರ ಮುಂದೆ ಹಿಡಿಯಬೇಕಿತ್ತು, ಹಿಡಿದ. ಅಲ್ಲಿಗೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಅದೇ ಕಾರ್ಡನ್ನು ಹೊಸದುರ್ಗದ ಹಳ್ಳಿಯಲ್ಲಿದ್ದ ನಾದಿನಿ ಬಸವ್ವನಿಗೂ ಅಂಚೆಗೆ ಹಾಕಿದ. ಹೆಂಡತಿಯ ಒಡಹುಟ್ಟಿದ ತಂಗಿಯನ್ನು ಮನೆಗೇ ಹೋಗಿ, ಅರಿಶಿನ ಕುಂಕುಮ ಇಟ್ಟು ಕರೆಯಬೇಕಾದದ್ದು ಪದ್ಧತಿ. "ಕೆಲಸ ಸಾವಿರ ಇದೆ ಕಣೇ, ಕಾರ್ಡು ಸಾಕು" ಎಂದಿದ್ದ.

ಬಸವ್ವನಿಗೆ ಕನ್ನಡವೇ ಓದಲು ಬಾರದು. ಆ ಊರಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ಒಂದೇ, ತಂತಿ. ತಂತಿ ಬಂತೆಂದರೆ ಸಾವು. ಅವಳು ಕಾರ್ಡನ್ನು ಎದೆಗೆ ಒತ್ತಿಕೊಂಡು, ಅಕ್ಕ ಹೋದಳೆಂದು ಬಾಯಿ ಬಡಿದುಕೊಳ್ಳುತ್ತ, ಓದಬಲ್ಲವರನ್ನು ಹುಡುಕಿ ಎರಡು ಮೈಲಿ ಓಡಿದಳಂತೆ. ಅಲ್ಲಿ ಯಾರೋ ಓದಿ, "ಅಳಬೇಡವ್ವ, ನಿಮ್ಮಕ್ಕ ಮನೆ ಕಟ್ಟಿಸವ್ಳೆ" ಎಂದು ನಕ್ಕರಂತೆ. ಆ ನಗು ಅವಳಿಗೆ ಚುಚ್ಚಿತು. 'ಅಕ್ಷರ ಬರದವಳು ಅಂತ ಆಡ್ಕೊಂಡ್ರು. ಅವರ ಹೊಸ್ತಿಲು ತುಳಿಯೋದಿಲ್ಲ' ಎಂದು ಆಣೆ ಇಟ್ಟಳು. ಗೃಹಪ್ರವೇಶಕ್ಕೆ ಬರಲಿಲ್ಲ. ಆಮೇಲೂ ಬರಲಿಲ್ಲ. ಅವಳು ಕರೆಯದೆ ತಾನು ಹೋಗಬಾರದೆಂದು ಕಲ್ಯಾಣಮ್ಮನೂ ಹೋಗಲಿಲ್ಲ. ಹೀಗೆ ನಾಲ್ಕು ವರ್ಷ.

ಎಪ್ಪತ್ತಾರರ ಆಗಸ್ಟು. ಮಾತು ಕಡಿಮೆ ಮಾಡಿ ದುಡಿಮೆ ಹೆಚ್ಚಿಸಿ ಎಂದು ಸರ್ಕಾರವೇ ಗೋಡೆಗಳ ಮೇಲೆ ಬರೆಸುತ್ತಿದ್ದ ಕಾಲ. ಕಲ್ಯಾಣಮ್ಮ ಎದೆಯಲ್ಲಿದ್ದ ಗಂಟನ್ನು ನಾಚಿಕೆಗೆ ಬಚ್ಚಿಟ್ಟುಕೊಂಡು ಎರಡು ವರ್ಷವಾಗಿತ್ತು. ತೋಳು ಮೇಲಕ್ಕೆತ್ತಲು ಆಗದೆ ರೊಟ್ಟಿ ತಟ್ಟುವುದು ನಿಂತಾಗ, ಪಕ್ಕದ ಮನೆಯ ಹನುಮಕ್ಕ ಬೈದು ಆಸ್ಪತ್ರೆಗೆ ಕಳಿಸಿದಳು. ಬಡಾವಣೆಯಾಗುವ ಮೊದಲು ಈ ಸೈಟುಗಳ ಮೇಲೆಯೇ ರಾಗಿ ಬೆಳೆಯುತ್ತಿದ್ದ ಮನೆತನದವಳು ಹನುಮಕ್ಕ. ಎಮ್ಮೆ ಕಟ್ಟಿಕೊಂಡು, ಬೀದಿಯ ಎಲ್ಲರ ಮೇಲೂ ಬಾಯಿ ಮಾಡಿಕೊಂಡು ಇದ್ದಳು.

ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಕಲ್ಯಾಣಮ್ಮನ ಮುಖ ನೋಡಲಿಲ್ಲ. ಅವಳ ತಲೆಯ ಮೇಲಿಂದ ಚಿಕ್ಕ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ಮಲಗಿದ್ದದ್ದು ಅವಳ ಮೈ, ಹೋಗುತ್ತಿದ್ದದ್ದು ಅವಳ ಜೀವ. ಮಾತು ಮಾತ್ರ ಅವಳಿಗೆ ತಲುಪಬಾರದ ಭಾಷೆಯಲ್ಲಿ. ಆಮೇಲೆ ಸಿದ್ದಬಸಪ್ಪನನ್ನು ಆಚೆ ಕರೆದು, "ಶ್ವಾಸಕೋಶಕ್ಕೂ ಹೋಗಿದೆ. ಮನೆಯಲ್ಲೇ ಇಟ್ಕೊಂಡು ನೋಡ್ಕೊಳ್ಳಿ. ಅವರಿಗೆ ಹೇಳ್ಬೇಡಿ, ಧೈರ್ಯ ಕೆಡ್ತಾರೆ" ಎಂದರು. ಕೈಗೊಂದು ರಿಪೋರ್ಟು ಕೊಟ್ಟರು. ಅದರಲ್ಲಿ ಕಾರ್ಸಿನೋಮ ಎಂದಿತ್ತು. ಮನೆಗೆ ಬಂದು, ಅವಳು ಬಚ್ಚಲಿಗೆ ಹೋದ ಹೊತ್ತಿನಲ್ಲಿ ಸಿದ್ದಬಸಪ್ಪ ನಿಘಂಟು ತೆಗೆದ. ಗ್ರೀಕ್ ಮೂಲ. ಏಡಿ. ನಮ್ಮ ಕರ್ಕಾಟಕದ ನೆಂಟ. ಹತ್ತು ವರ್ಷ ಅವನಿಗೆ ಬೆಳಕು ತೋರಿಸಿದ್ದ ಆ ಸಣ್ಣ ಅಕ್ಷರಗಳು ಮಂಜಾದವು. ಪುಸ್ತಕವನ್ನು ಮುಚ್ಚಿ ಗೂಡಿನೊಳಕ್ಕೆ ತಳ್ಳಿದ.

ಕಲ್ಯಾಣಮ್ಮ ಮುಖ ಒರೆಸಿಕೊಳ್ಳುತ್ತ ಬಂದಳು. "ಏನು ಬರೆದವ್ರೆ? ಅದೇನೋ ಕಾರ್ಸಿ ಅಂತಿದೆಯಲ್ಲ, ಯಾವ ಮನೆತನ ಅದು?"

"ಕಾರ್ನ್ ಅಂದ್ರೆ ಮಾಂಸ. ಆ ಮನೆಯದು. ಬರೀ ಮಾಂಸದ ಗಂಟು ಕಣೇ, ಮಾತ್ರೆಗೆ ಕರಗುತ್ತೆ."

ಅವಳು ಗೂಡಿನ ಕಡೆ ನೋಡಿದಳು. ಅವನ ಕಡೆ ನೋಡಿದಳು. "ಹಂಗಾ" ಎಂದಳು.

ಮಾರನೆಯ ಬೆಳಿಗ್ಗೆ ಅವಳು ಪದ ಕೇಳಲಿಲ್ಲ. ಅದರ ಮಾರನೆಯ ದಿನವೂ ಕೇಳಲಿಲ್ಲ. ಆಯಾಸವಿರಬೇಕು ಎಂದುಕೊಂಡ ಸಿದ್ದಬಸಪ್ಪ. ನಿಜ ಹೇಳಬೇಕೆಂದರೆ, ಕೇಳದಿದ್ದದ್ದು ಅವನಿಗೆ ಹಗುರವೇ ಆಯಿತು.

ದೀಪಾವಳಿಯ ಹೊತ್ತಿಗೆ ಅವಳು ಗೋಡೆಗೊರಗದೆ ಕೂರಲಾರದಂತಾಗಿದ್ದಳು. ಒಂದು ಮಧ್ಯಾಹ್ನ ಕೇಳಿದಳು, "ಯಾಕೋ ಬಸವ್ವನ್ನ ಒಂದ್ಸಲ ನೋಡ್ಬೇಕು ಅನ್ನಿಸ್ತದೆ ಕಣ್ರೀ."

ಆಣೆ ಇಟ್ಟು ಕೂತ ಬಸವ್ವ ಇದ್ದಕ್ಕಿದ್ದಂತೆ ಬಂದು ನಿಂತರೆ ಇವಳಿಗೆ ಎಲ್ಲ ತಿಳಿದುಹೋಗುವುದಿಲ್ಲವೇ? ಬಂದವಳು ಅಕ್ಕನನ್ನು ನೋಡಿ ಗೊಳೋ ಎಂದರೆ ತಾನು ಕಟ್ಟಿದ ಗೋಡೆ ಉಳಿಯುತ್ತದೆಯೇ? ಹೀಗೆಂದು ಸಿದ್ದಬಸಪ್ಪ ತನಗೆ ತಾನೇ ಹೇಳಿಕೊಂಡ. ಹೋಗಿ ಅವಳ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲಬೇಕಲ್ಲ ಎಂಬ ಸಂಕಟವೂ ಅದರೊಳಗಿತ್ತು. ಅದನ್ನು ಮಾತ್ರ ಹೇಳಿಕೊಳ್ಳಲಿಲ್ಲ.

"ಸಂಕ್ರಾಂತಿಗೆ ಹೋಗೋಣ. ಅಷ್ಟೊತ್ತಿಗೆ ಚೇತರಿಸ್ಕೊಂಡಿರ್ತೀಯ" ಎಂದ.

"ಸರಿ" ಎಂದಳು ಕಲ್ಯಾಣಮ್ಮ.

ಹಾಲು ಕೊಡಲು ಬಂದು ಇದನ್ನು ಕೇಳಿಸಿಕೊಂಡ ಹನುಮಕ್ಕ ಬಾಗಿಲಲ್ಲೇ ಅವನನ್ನು ತಡೆದಳು. "ಏನ್ರೀ ಸಿದ್ದಬಸಪ್ಪನೋರೆ, ಹತ್ತು ಊರಿನ ಭಾಷೆ ಅರೆದು ಕುಡಿದಿದೀರಿ. ಹೆಂಗಸು ತಂಗಿ ಬೇಕು ಅಂದಿದ್ದು ಅರ್ಥ ಆಗ್ಲಿಲ್ವಾ?"

"ನಿಮಗೆ ಗೊತ್ತಾಗಲ್ಲ ಹನುಮಕ್ಕ. ಸುಮ್ನಿರಿ."

"ಹೂಂ, ನಂಗೆ ಏನೂ ಗೊತ್ತಾಗಲ್ಲ. ಹೆಬ್ಬೆಟ್ಟು ನಾನು" ಎಂದು ಅವಳು ಪಾತ್ರೆ ಕುಕ್ಕಿ ಹೋದಳು.

ಜನವರಿ ಹುಟ್ಟಿತು. ಕಾಂಪೌಂಡರು ದಿನಕ್ಕೆರಡು ಸಲ ಬಂದು ಇಂಜೆಕ್ಷನ್ ಕೊಡುತ್ತಿದ್ದ. ಕಲ್ಯಾಣಮ್ಮನಿಗೆ ಎಚ್ಚರವಿರುತ್ತಿದ್ದದ್ದು ಬೆಳಗಿನ ಒಂದೆರಡು ಗಂಟೆ ಮಾತ್ರ. ಅಂಥ ಒಂದು ಬೆಳಿಗ್ಗೆ ಸಿದ್ದಬಸಪ್ಪ ಗಂಜಿ ಕುಡಿಸುತ್ತಿದ್ದಾಗ ಅವಳು ಚಮಚವನ್ನು ಪಕ್ಕಕ್ಕೆ ಸರಿಸಿದಳು.

"ರೀ, ಅವತ್ತು ನೀವು ಪುಸ್ತಕ ತೆಗೀದೇ ಅರ್ಥ ಹೇಳಿದ್ರಿ."

ಅವನು ಬಟ್ಟಲನ್ನು ನೆಲದ ಮೇಲಿಟ್ಟ.

"ಹತ್ತು ವರ್ಷದಲ್ಲಿ ಅದೊಂದೇ ಸಲ. ನೀವು ಕಾರ್ಖಾನೆಗೆ ಹೋದ್ಮೇಲೆ ನಾನೇ ತೆಗೆದು ನೋಡ್ದೆ. ರಿಪೋರ್ಟು ಪಕ್ಕದಲ್ಲಿಟ್ಕೊಂಡು ಒಂದೊಂದೇ ಅಕ್ಷರ ಕೂಡಿಸ್ದೆ. ಇಡೀ ಮಧ್ಯಾಹ್ನ ಹಿಡೀತು. ಕ್ಯಾನ್ಸರ್ ಅಂತ ಬರೆದಿತ್ತು. ಅದಕ್ಕೆ ಯಾವ ಬೇರೂ ಬೇಕಿರ್ಲಿಲ್ಲ, ಬೀದಿ ಜನಕ್ಕೆಲ್ಲ ಗೊತ್ತು."

"ಕಲ್ಯಾಣೀ... ಆಗಲೇ ಯಾಕೆ ಹೇಳ್ಲಿಲ್ಲ?"

"ನೀವು ಹೇಳ್ತೀರ ಅಂತ ಕಾದೆ. ಅಷ್ಟು ಕಷ್ಟಪಟ್ಟು ಒಂದು ಸುಳ್ಳು ಕಟ್ಟಿದ್ರಿ, ನಿಮಗೆ ಸುಳ್ಳು ಹೇಳೋಕೆ ಬರಲ್ಲ ಅನ್ನೋದು ನಂಗೆ ಗೊತ್ತಿಲ್ವಾ? ಅದನ್ನ ಕೆಡವೋಕೆ ಮನಸ್ಸು ಬರ್ಲಿಲ್ಲ. ಬಸವ್ವನ್ನ ಕರೆಸಿ ಅಂತ ಹಟ ಹಿಡಿದಿದ್ರೆ, ಇವಳಿಗೆ ಗೊತ್ತಾಗಿದೆ ಅಂತ ನೀವು ಕುಸಿದು ಹೋಗ್ತಿದ್ರಿ." ಉಸಿರು ಸಾಲದೆ ನಿಲ್ಲಿಸಿದಳು. "ಈಗ ಹೋಗಿ ಕರ್ಕೊಂಡ್ ಬನ್ನಿ. ನನ್ನ ಹತ್ರ ಜಾಸ್ತಿ ದಿನ ಇಲ್ಲ."

ಹೆಂಡತಿಗೆ ನೋವಾಗದಿರಲಿ ಎಂದು ಗಂಡ ಬಾಯಿ ಮುಚ್ಚಿಕೊಂಡಿದ್ದ. ಗಂಡನಿಗೆ ನೋವಾಗದಿರಲಿ ಎಂದು ಹೆಂಡತಿ. ಇದನ್ನು ನಮ್ಮಲ್ಲಿ ಪ್ರೀತಿ ಎನ್ನುತ್ತಾರೆ, ಮರ್ಯಾದೆ ಎನ್ನುತ್ತಾರೆ. ಒಂದೇ ಚಾಪೆಯ ಎರಡು ತುದಿಯಲ್ಲಿ ಐದು ತಿಂಗಳು ಇಬ್ಬರೂ ಒಬ್ಬೊಬ್ಬರೇ ಸತ್ತಿದ್ದಕ್ಕೆ ಬೇರೆ ಹೆಸರಿದ್ದರೆ ಯಾರಾದರೂ ಹೇಳಲಿ.

ಹನುಮಕ್ಕನನ್ನು ಹತ್ತಿರ ಕೂರಿಸಿ ಸಿದ್ದಬಸಪ್ಪ ಹೊರಟ. ಅರಿಶಿನ ಕುಂಕುಮದ ಪೊಟ್ಟಣ, ಎಲೆಯಡಿಕೆ, ಒಂದು ರವಿಕೆ ಕಣ ಹನುಮಕ್ಕನೇ ಕಟ್ಟಿಕೊಟ್ಟಳು. ಮೆಜೆಸ್ಟಿಕ್ಕಿನಿಂದ ಬಸ್ಸು, ಆಮೇಲೆ ಇನ್ನೊಂದು ಬಸ್ಸು, ಆಮೇಲೆ ನಡಿಗೆ. ಹಳ್ಳಿ ಮುಟ್ಟಿದಾಗ ಹೊತ್ತು ಮುಳುಗುವುದರಲ್ಲಿತ್ತು. ಬಸವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

"ಏನು ಭಾವ, ಈ ಸಲ ಕಾರ್ಡು ಖಾಲಿಯಾಯ್ತಾ?" ಎಂದು ತಲೆ ಎತ್ತಿದವಳು ಅವನ ಮುಖ ನೋಡಿ ಎದ್ದು ನಿಂತಳು. ಮಡಿಲಲ್ಲಿದ್ದ ಕಾಳು ಚೆಲ್ಲಿತು. ಅವನು ಚೀಲದಿಂದ ಕುಂಕುಮದ ಪೊಟ್ಟಣ ತೆಗೆಯಲು ಹೋದ. "ಅದು ಇರ್ಲಿ ಬಿಡಿ. ಅಕ್ಕ ಹೆಂಗವ್ಳೆ, ಅದ್ ಹೇಳಿ" ಎಂದಳು ಬಸವ್ವ. ಹೇಳಿದ. ಅವಳು ಉಟ್ಟ ಸೀರೆಯಲ್ಲೇ ಹೊರಟುನಿಂತಳು, ಆದರೆ ಆ ಹೊತ್ತಿಗೆ ಬಸ್ಸಿರಲಿಲ್ಲ. ಬೆಳಗಿನ ಮೊದಲ ಬಸ್ಸು ಹಿಡಿದು ವಿಜಯನಗರ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು.

ಹನುಮಕ್ಕ ಬಾಗಿಲಲ್ಲಿದ್ದಳು. "ಬೆಳಿಗ್ಗೆವರ್ಗೂ ಕೇಳ್ತಾನೇ ಇದ್ಲು ಕಣವ್ವ, ಬಂದ್ಲಾ, ಬಂದ್ಲಾ ಅಂತ. ಆಮೇಲೆ ಮಾತಾಡ್ಲಿಲ್ಲ."

ಕಲ್ಯಾಣಮ್ಮನಿಗೆ ಉಸಿರಿತ್ತು, ಅಷ್ಟೆ. ಬಸವ್ವ ಪಕ್ಕದಲ್ಲಿ ಮಲಗಿ, ಅವಳ ಕಿವಿಗೆ ಬಾಯಿಟ್ಟು ಎರಡು ದಿನ ಮಾತಾಡಿದಳು. ಚಿಕ್ಕಂದಿನ ಜಗಳ, ಸತ್ತ ಅವ್ವನ ಬೈಗುಳ, ಸೊಸೆಯ ಮೇಲಿನ ದೂರು, ಕರು ಹಾಕಿದ ಹಸು. "ತಪ್ಪಾಯ್ತು ಕಣೇ ಅಕ್ಕಾ, ಒಂದ್ಸಲ ಹೂಂ ಅನ್ನೇ" ಎಂದು ಗೋಗರೆದಳು. ಕಲ್ಯಾಣಮ್ಮ ಹೂಂ ಅನ್ನಲಿಲ್ಲ. ಕಣ್ಣನ್ನೂ ತೆರೆಯಲಿಲ್ಲ. ಮೂರನೆಯ ದಿನ ಬೆಳಗಿನ ಜಾವಕ್ಕೆ ಉಸಿರು ನಿಂತಿತು.

ವಿಭೂತಿ ಹಚ್ಚಿ, ಕೂರಿಸಿ, ಕ್ರಿಯೆಯಂತೆ ಮಣ್ಣು ಮಾಡಿ ಬಂದರು. ಬಂದ ಜನ ಕರಗಿದರು. ಬಸವ್ವ ಹಿತ್ತಿಲ ಕಲ್ಲಿನ ಮೇಲೆ ಕೂತು ಕಾಲು ತೊಳೆದುಕೊಳ್ಳುತ್ತಿದ್ದಳು. ಸಿದ್ದಬಸಪ್ಪ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದ.

"ಭಾವ, ನಿಮಗೆ ಯಾವಾಗಿಂದ ಗೊತ್ತಿತ್ತು?"

ಈ ಸಲ ಅವನು ಯಾವ ಸುಳ್ಳನ್ನೂ ಕಟ್ಟಲಿಲ್ಲ. "ಆಗಸ್ಟಿಂದ. ಐದು ತಿಂಗಳಾಯ್ತು" ಎಂದ.

ಬಸವ್ವ ಅವನನ್ನೇ ನೋಡಿದಳು. ಬೈಯಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಐದು ತಿಂಗಳಿತ್ತಾ? ಹೇಳಿ ಕಳಿಸಿದ್ರೆ ನಾನು ನಡ್ಕೊಂಡೇ ಬರ್ತಿದ್ನಲ್ಲ ಭಾವ" ಎಂದಳು.