ಎದುರಿನ ಸೀಟು

ಕಲ್ಲಡ್ಕದ ಮಹಿಳಾ ಮಂಡಲದವರು ವರ್ಷಕ್ಕೊಮ್ಮೆ ಬಸ್ಸು ಮಾಡಿ ಪ್ರವಾಸ ಹೊರಟಾಗಲೆಲ್ಲ ಡ್ರೈವರನ ಪಕ್ಕದ, ಎದುರಿನ ಸೀಟು ವಾರಿಜಾಕ್ಷಿಗೇ. ಅವಳಿಗೆ ಬಸ್ಸಲ್ಲಿ ವಾಂತಿ. ಮೂಗಿಗೆ ಲಿಂಬೆ ಹಿಡಿದು ರಾಣಿಯ ಹಾಗೆ ಕೂತುಬಿಡುತ್ತಾಳೆ. ಅದನ್ನು ಕಂಡರೆ ನೆರೆಮನೆಯ ಸೇಸಮ್ಮನಿಗೆ ಹೊಟ್ಟೆಯೊಳಗೆ ಕೆಂಡ.

ಸೇಸಮ್ಮನ ಆಯುಷ್ಯವೆಲ್ಲ ಕಳೆದದ್ದು ಬೀಡಿ ಕಟ್ಟುವುದರಲ್ಲಿ. ಎಲೆ ಗಾಳಿಗೆ ಒಣಗಬಾರದೆಂದು ಗೋಡೆಗೆ ಮುಖ ಮಾಡಿಯೇ ಕೂತವಳು. ಗಂಡ ಇದ್ದಾಗ ಹತ್ತಿದ ಬಸ್ಸುಗಳಲ್ಲೂ ಸಿಕ್ಕಿದ್ದು ಹಿಂದಿನ ಸೀಟೇ. ರಸ್ತೆ ಎದುರಿನಿಂದ ತನ್ನ ಕಡೆಗೇ ಓಡಿ ಬರುವುದನ್ನು ಒಮ್ಮೆ ನೋಡಬೇಕು, ಅಷ್ಟೇ ಆಸೆ.

ಈ ಸಲ ಅವಳೂ ಒಂದು ಲಿಂಬೆ ಹಿಡಿದು ಬಂದಳು.

“ನನಗೂ ಈಗೀಗ ಬಸ್ಸಲ್ಲಿ ತಲೆ ತಿರುಗ್ತದೆ.”

“ಅಯ್ಯೋ, ಹಾಗಾದ್ರೆ ನೀವೇ ಕೂತ್ಕೊಳ್ಳಿ ಸೇಸಕ್ಕ!” ವಾರಿಜಾಕ್ಷಿ ಎದ್ದೇಬಿಟ್ಟಳು. ಜಗಳಕ್ಕೆಂದೇ ಮಾತು ಕಟ್ಟಿಕೊಂಡು ಬಂದಿದ್ದ ಸೇಸಮ್ಮ ಮೂಗಿಗೆ ಲಿಂಬೆ ಹಿಡಿದು ಆ ಸೀಟಿನಲ್ಲಿ ಕೂತಳು.

ಬಂಟ್ವಾಳ ದಾಟಿತು. ಬೆಳ್ತಂಗಡಿ ಹತ್ತಿರವಾದಂತೆ ಗಡಾಯಿಕಲ್ಲಿನ ಬಂಡೆಬೆಟ್ಟ ಗಾಜಿನ ತುಂಬ ಎದ್ದು ನಿಂತಿತು. ಇಷ್ಟು ವರ್ಷ ಇದನ್ನೆಲ್ಲ ಆ ವಾರಿಜಾಕ್ಷಿಯೊಬ್ಬಳೇ ನುಂಗಿದ್ದಾಳಲ್ಲ!

ವೇಣೂರಲ್ಲಿ ಎಲ್ಲರೂ ಗೊಮ್ಮಟನನ್ನು ನೋಡಲು ಇಳಿದರು. ಸೇಸಮ್ಮ ಎದ್ದಾಗ ಮಂಡಲದ ಅಧ್ಯಕ್ಷೆ ಅಮ್ಮಣ್ಣಿ ತಡೆದಳು. “ನೀವು ಬಿಸಿಲಿಗೆ ಬರುವುದು ಬೇಡ. ಸುಮ್ಮನೆ ಮಲಗಿ.” ಹೋಟೆಲಿನಲ್ಲಿ ಉಳಿದವರಿಗೆ ಗೋಳಿಬಜೆ, ಇವಳಿಗೆ ಬರಿಯ ಸೋಡಾ. ಬಸ್ಸು ಮತ್ತೆ ಹೊರಟಾಗ ಹಿಂದಿನ ಸೀಟಿನಲ್ಲಿ ವಾರಿಜಾಕ್ಷಿ ಕಿಟಕಿಯ ಗಾಳಿಗೆ ಮುಖವೊಡ್ಡಿ ಹಾಡುತ್ತಿದ್ದಳು. ವಾಂತಿಯೂ ಇಲ್ಲ, ಎಂತದೂ ಇಲ್ಲ!

ಮೂಡುಬಿದಿರೆಯಲ್ಲೂ ಸಾವಿರ ಕಂಬದ ಬಸದಿಗೆ ಎಲ್ಲರೂ ಹೋದರು. ಎದುರಿನ ಗಾಜಿನಲ್ಲಿ ಸೇಸಮ್ಮನಿಗೆ ಕಂಡದ್ದು ಇನ್ನೊಂದು ಬಸ್ಸಿನ ಹಿಂಭಾಗ ಮಾತ್ರ.

ತಿರುಗಿ ಬಂದ ವಾರಿಜಾಕ್ಷಿ ಕಣ್ಣರಳಿಸಿದಳು. “ಒಂದು ಕಂಬದ ಹಾಗೆ ಇನ್ನೊಂದಿಲ್ಲ ಸೇಸಕ್ಕ! ವರ್ಷವೂ ನಾನು ಬಸ್ಸಲ್ಲೇ ಬಿದ್ದುಕೊಂಡಿರ್ತಿದ್ದೆ, ಈ ಸಲ ನೋಡಿದೆ.”

ಸೇಸಮ್ಮನಿಗೆ ಇನ್ನು ತಡೆಯಲಾಗಲಿಲ್ಲ. “ನನಗೆ ತಲೆಯೂ ತಿರುಗುವುದಿಲ್ಲ, ಮಣ್ಣೂ ಇಲ್ಲ. ಸುಳ್ಳು ಹೇಳಿದ್ದು! ಸ್ವಲ್ಪ ನಿಲ್ಲು ಮಾರಾಯ,” ಎಂದು ಡ್ರೈವರ್ ಮುಝಮ್ಮಿಲ್‌ಗೆ ಹೇಳಿ, ಲಿಂಬೆಯನ್ನು ಸೀಟಿನಲ್ಲೇ ಬಿಟ್ಟು ಇಳಿದಳು. ಬಸ್ಸಿಗೆ ಬಸ್ಸೇ ನಕ್ಕಿತು.

ಬಸದಿಯ ಕಂಬಗಳನ್ನು ಒಂದೊಂದಾಗಿ ಮುಟ್ಟಿದಳು. ನಿಜ, ಒಂದರ ಕೆತ್ತನೆ ಇನ್ನೊಂದಕ್ಕಿರಲಿಲ್ಲ. ಅಷ್ಟರಲ್ಲಿ ಹಾರ್ನ್ ಕೂಗಿತು.

ಓಡಿ ಬಂದು ನೋಡಿದರೆ ಎದುರಿನ ಸೀಟಿನಲ್ಲಿ ವಾರಿಜಾಕ್ಷಿ. “ನಿಮಗೆ ಎಂತದೂ ಇಲ್ಲ ಅಲ್ವಾ? ಹಿಂದೆ ಜಾಗ ಉಂಟು ಅಕ್ಕ.” ಅವಳ ಮೂಗಿನ ಹತ್ತಿರ ಸೇಸಮ್ಮನದ್ದೇ ಲಿಂಬೆ.

ಊರು ಬರುವವರೆಗೆ ಸೇಸಮ್ಮ ಕಿಟಕಿಯ ಹೊರಗೆ ನೋಡಲೇ ಇಲ್ಲ. ನೋಡಿದ್ದು ಎದುರಿನ ಸೀಟಿನ ಮೇಲೆ ಕಾಣುತ್ತಿದ್ದ, ಮಲ್ಲಿಗೆ ಮುಡಿದ ಆ ತಲೆಯನ್ನೇ.